ಬಾಯಿಯ ಗಾಯವೂ ಬೆಳಕಿನ ಚಿಕಿತ್ಸೆಯೂ: ಹಂಪೆಯ ಪ್ರಾಂತದ ದೃಷ್ಟಿಯಿಂದ ಒಂದು ವಿವೇಚನೆ

1. ಪೀಠಿಕೆ

ಚರಿತ್ರೆಯ ಅಧ್ಯಾಪಕನು ದಂತವೈದ್ಯದ ವಿಷಯವಾಗಿ ಬರೆಯಹೊರಟರೆ ವಾಚಕರಿಗೆ ಆಶ್ಚರ್ಯವಾಗುವುದು ಸಹಜ. ಆದರೆ ರಾಜರ ವಂಶಾವಳಿ, ಯುದ್ಧಗಳ ತೇದಿ, ದೇವಾಲಯಗಳ ದಾನಶಾಸನ ಇವಿಷ್ಟೇ ಚರಿತ್ರೆಯಲ್ಲ. ಜನರು ಏನನ್ನು ಉಂಡರು, ಏನನ್ನು ಅಗಿದರು, ನೋವು ಬಂದಾಗ ಯಾವ ಮದ್ದನ್ನು ನಂಬಿದರು, ಅವರ ಗಾಯಗಳು ಹೇಗೆ ಮಾಯುತ್ತಿದ್ದುವು ಎಂಬುದೂ ಚರಿತ್ರೆಯ ವಿಷಯವೇ ಆಗಿದೆ. ಹಂಪೆ, ಹೊಸಪೇಟೆ, ಸಂಡೂರು, ಕಂಪ್ಲಿಗಳನ್ನೊಳಗೊಂಡ ಪ್ರಾಂತದಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಪುರಾತನ ಸಾಕ್ಷ್ಯವೂ ಇದೆ, ಇಂದಿನ ಸಮಸ್ಯೆಯೂ ಇದೆ.

ಈಚಿನ ವರ್ಷಗಳಲ್ಲಿ ಸಣ್ಣ ಪಟ್ಟಣಗಳ ದಂತಚಿಕಿತ್ಸಾಲಯಗಳ ಫಲಕಗಳಲ್ಲಿಯೂ ‘ಲೇಸರ್ ಚಿಕಿತ್ಸೆ’ ಎಂಬ ಮಾತು ಕಾಣಿಸಿಕೊಳ್ಳತೊಡಗಿದೆ. ಕತ್ತಿಯಿಲ್ಲದೆ, ಹೊಲಿಗೆಯಿಲ್ಲದೆ, ನೋವಿಲ್ಲದೆ ಬಾಯಿಯ ಗಾಯವನ್ನು ಗುಣಪಡಿಸುವ ದಿವ್ಯೌಷಧವಿದು ಎಂದು ಕೆಲವರು ಭಾವಿಸುತ್ತಾರೆ. ಹಣ ಕೀಳುವ ಹೊಸ ಉಪಾಯವೆಂದು ಮತ್ತೆ ಕೆಲವರು ತಳ್ಳಿಹಾಕುತ್ತಾರೆ. ಎರಡೂ ಅಭಿಪ್ರಾಯಗಳು ಅಪೂರ್ಣವಾದವು. ಲೇಸರ್ ಬೆಳಕು ಗಾಯದ ಮೇಲೆ ಮಾಡುವ ಕೆಲಸವೇನು, ಆ ವಿಷಯದಲ್ಲಿ ದೊರೆತಿರುವ ಸಾಕ್ಷ್ಯ ಎಷ್ಟರಮಟ್ಟಿಗೆ ಗಟ್ಟಿಯಾದುದು, ನಮ್ಮ ಪ್ರಾಂತದ ಜನರಿಗೆ ಅದರಿಂದ ಆಗಬಹುದಾದ ಪ್ರಯೋಜನವೆಷ್ಟು ಎಂಬ ಮೂರು ಪ್ರಶ್ನೆಗಳನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

2. ಎಲೆ ಅಡಕೆಯ ಬೀದಿ

ಹಂಪೆಯ ಅರಮನೆಯ ಆವರಣದ ಸಮೀಪದಲ್ಲಿ ಪಾರ್ಶ್ವನಾಥನ ಹಳೆಯ ಬಸದಿಯೊಂದು ಪಾಳುಬಿದ್ದಿದೆ. ಅದನ್ನು ವಿಜಯನಗರದ ಎರಡನೆಯ ದೇವರಾಯನು ಕಟ್ಟಿಸಿದನೆಂದು ಅಲ್ಲಿಯ 1426ರ ಸಂಸ್ಕೃತ ಶಾಸನವು ತಿಳಿಸುತ್ತದೆ. ಬಸದಿಯಿದ್ದ ಸ್ಥಳವನ್ನು ಆ ಶಾಸನವು ‘ಕ್ರಮುಕಪರ್ಣಾಪಣ’ ಎಂದು ಕರೆದಿದೆ. ಎಂದರೆ ಅಡಕೆಯನ್ನೂ ಎಲೆಯನ್ನೂ ಮಾರುವ ಅಂಗಡಿಗಳ ಬೀದಿ. ಪುರಾತತ್ತ್ವಜ್ಞರು ಇದನ್ನೇ ಪಾನ್ ಸುಪಾರಿ ಬಜಾರು ಎಂದಿದ್ದಾರೆ. ರಾಜಧಾನಿಯ ನಡುವೆ ಒಂದು ಬೀದಿಗೆ ತಾಂಬೂಲದ ಹೆಸರೇ ನಿಲ್ಲಬೇಕಾದರೆ ಅದರ ಬಳಕೆ ಎಷ್ಟಿದ್ದಿತೆಂಬುದನ್ನು ಊಹಿಸಬಹುದು.

ಶಾಸನ ಹುಟ್ಟಿದ ಹದಿನೇಳು ವರ್ಷಗಳ ಬಳಿಕ, 1443ರಲ್ಲಿ, ಪಾರಸಿಕ ರಾಯಭಾರಿಯಾದ ಅಬ್ದುರ್ ರಜಾಕನು ಅದೇ ದೇವರಾಯನ ಆಸ್ಥಾನಕ್ಕೆ ಬಂದನು. ಅರಸನು ತನಗೆ ತಾಂಬೂಲ, ಕರ್ಪೂರ ಮತ್ತು ಹಣದ ಚೀಲಗಳನ್ನು ಕೊಟ್ಟು ಮನ್ನಿಸಿದುದನ್ನು ಅವನು ಬರೆದಿಟ್ಟಿದ್ದಾನೆ. ತಾಂಬೂಲವು ಮುಖಕ್ಕೆ ಕಳೆಯನ್ನು ತರುತ್ತದೆ, ಬಾಯಿಯ ದುರ್ಗಂಧವನ್ನು ಕಳೆಯುತ್ತದೆ, ಹಲ್ಲುಗಳನ್ನು ಗಟ್ಟಿಮಾಡುತ್ತದೆ ಎಂಬುದು ಅವನು ಕೇಳಿ ನಂಬಿದ ಗುಣಗಳು. ಹದಿನೈದನೆಯ ಶತಮಾನದ ಜನರ ದೃಷ್ಟಿಯಲ್ಲಿ ಎಲೆ ಅಡಕೆಯು ಮರ್ಯಾದೆಯ ಗುರುತೂ ಹೌದು, ಬಾಯಿಯ ಆರೋಗ್ಯಕ್ಕೆ ಸಾಧನವೂ ಹೌದು.

ಇಲ್ಲಿ ಗಮನಿಸತಕ್ಕ ಒಂದು ವ್ಯತ್ಯಾಸವಿದೆ. 1565ರಲ್ಲಿ ಹಾಳಾದ ಆ ರಾಜಧಾನಿಯ ತಾಂಬೂಲದಲ್ಲಿ ಹೊಗೆಸೊಪ್ಪು ಇರಲಿಲ್ಲ. ಅಮೆರಿಕ ಖಂಡದ ಈ ಗಿಡವು ಪೋರ್ಚುಗೀಸರ ಮೂಲಕ ದಕ್ಷಿಣಾಪಥದಲ್ಲಿ ಹರಡಿತು. ಅಕ್ಬರನ ಆಸ್ಥಾನಿಕನಾದ ಅಸದ್ ಬೇಗನು ಸುಮಾರು 1604ರಲ್ಲಿ ಅದನ್ನು ವಿಜಾಪುರದಲ್ಲಿ ಮೊದಲು ಕಂಡು ಕುತೂಹಲದಿಂದ ಉತ್ತರಕ್ಕೆ ಒಯ್ದುದು ಪ್ರಸಿದ್ಧವಾದ ಸಂಗತಿ. ಆದುದರಿಂದ ‘ನಮ್ಮ ಹಿರಿಯರೂ ಅಗಿಯುತ್ತಿದ್ದರು’ ಎಂದು ಹೇಳಿ ಇಂದಿನ ಕಡ್ಡಿಪುಡಿಯನ್ನೂ ಗುಟ್ಕಾವನ್ನೂ ಸಮರ್ಥಿಸುವುದು ಚರಿತ್ರೆಗೆ ಒಪ್ಪದ ವಾದ. ಇಷ್ಟರಿಂದ ಬರಿಯ ಅಡಕೆಯು ನಿರ್ದೋಷಿಯಾಗುವುದೂ ಇಲ್ಲ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆಯು 1985ರಲ್ಲಿ ಹೊಗೆಸೊಪ್ಪು ಸೇರಿದ ತಾಂಬೂಲವನ್ನೂ, 2004ರಲ್ಲಿ ಹೊಗೆಸೊಪ್ಪಿಲ್ಲದ ತಾಂಬೂಲವನ್ನೂ ಅಡಕೆಯನ್ನೂ ಅರ್ಬುದಕಾರಕವೆಂದು ತೀರ್ಮಾನಿಸಿದೆ. ಅಡಕೆಯನ್ನು ದೀರ್ಘಕಾಲ ಅಗಿಯುವವರಲ್ಲಿ ಕೆನ್ನೆಯ ಒಳಪೊರೆಯು ನಾರಿನಂತೆ ಬಿಗಿದು ಬಾಯಿ ತೆರೆಯಲಾಗದಂತೆ ಮಾಡುವ ರೋಗವನ್ನು 1952ರಲ್ಲಿ ಶ್ವಾರ್ಟ್ಸ್ ಎಂಬವರು ಕೆನ್ಯಾದೇಶದ ಭಾರತೀಯ ಸ್ತ್ರೀಯರಲ್ಲಿ ಕಂಡು ವರ್ಣಿಸಿದರು. ಅಬ್ದುರ್ ರಜಾಕನು ಕೇಳಿದ ಗುಣಗಳ ಪಟ್ಟಿಗೆ ಐದು ಶತಮಾನಗಳ ತರುವಾಯ ದೋಷಗಳ ಪಟ್ಟಿಯೂ ಹೀಗೆ ಸೇರಿಕೊಂಡಿತು.

3. ಪ್ರಾಚೀನರ ವ್ರಣವಿಚಾರ

ಬಾಯಿಯ ರೋಗಗಳನ್ನು ನಮ್ಮ ಪೂರ್ವಿಕರು ಉಪೇಕ್ಷಿಸಿರಲಿಲ್ಲ. ಸುಶ್ರುತಸಂಹಿತೆಯು ಮುಖರೋಗಗಳು ಅರವತ್ತೈದು ಎಂದು ಗಣನೆಮಾಡಿ, ಅವುಗಳಲ್ಲಿ ಹದಿನೈದನ್ನು ಹಲ್ಲಿನ ಬುಡಕ್ಕೂ ಎಂಟನ್ನು ಹಲ್ಲಿಗೂ ಸೇರಿಸಿದೆ. ವ್ರಣಗಳಿಗೆ ಅರವತ್ತು ಬಗೆಯ ಉಪಕ್ರಮಗಳನ್ನು ಅದು ಹೇಳುತ್ತದೆ. ಈ ಸಂಖ್ಯೆಗಳಿಗಿಂತಲೂ ಮುಖ್ಯವಾದುದು ಅದರ ಕ್ರಮ. ವೈದ್ಯನು ಮೊದಲು ವ್ರಣವು ಶುದ್ಧವೋ ದುಷ್ಟವೋ ಎಂಬುದನ್ನು ಬಣ್ಣ, ವಾಸನೆ, ಸ್ರಾವ, ಅಂಚುಗಳ ಲಕ್ಷಣಗಳಿಂದ ತಿಳಿಯಬೇಕು, ದುಷ್ಟವಾದುದನ್ನು ಶೋಧಿಸಬೇಕು, ಶುದ್ಧವಾದ ಮೇಲೆಯೇ ರೋಪಣಕ್ಕೆ, ಎಂದರೆ ಮಾಯಿಸುವ ಮದ್ದಿಗೆ, ಕೈಹಾಕಬೇಕು. ಗುರುತಿಸದೆ ಮಾಯಿಸಹೊರಡುವುದು ಶಾಸ್ತ್ರಸಮ್ಮತವಲ್ಲ. ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಲೇಖನದ ಕೊನೆಯಲ್ಲಿ ಅದು ಮತ್ತೆ ಪ್ರಸ್ತುತವಾಗುವುದು.

ಕನ್ನಡದಲ್ಲಿಯೂ ಈ ಪರಂಪರೆ ಹರಿದುಬಂದಿತು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಬಳ್ಳಿಗಾವೆಯ ಕೋಡಿಯಮಠದಲ್ಲಿ ರೋಗಿಗಳಿಗೆ ಚಿಕಿತ್ಸೆ ದೊರೆಯುತ್ತಿದ್ದಿತೆಂದು 1162ರ ಶಾಸನ ಹೇಳುತ್ತದೆ. ವಿಜಯನಗರದ ಆರಂಭಕಾಲದಲ್ಲಿ, ಸುಮಾರು 1360ರಲ್ಲಿ, ಮಂಗರಾಜನು ವಿಷವೈದ್ಯವನ್ನು ಕುರಿತು ಖಗೇಂದ್ರಮಣಿದರ್ಪಣವನ್ನು ರಚಿಸಿದನು. ಎರಡನೆಯ ಬುಕ್ಕನ ಆಸ್ಥಾನದ ಲಕ್ಷ್ಮಣಪಂಡಿತನು ವೈದ್ಯರಾಜವಲ್ಲಭವೆಂಬ ಸಂಸ್ಕೃತ ಗ್ರಂಥವನ್ನು ಬರೆದನು. ಹೀಗೆ ತುಂಗಭದ್ರೆಯ ದಡದಲ್ಲಿ ವೈದ್ಯವು ಪಾಂಡಿತ್ಯದ ವಿಷಯವಾಗಿಯೂ ಬೆಳೆದಿದ್ದಿತು.

ಪ್ರಾಚೀನರ ಉಪಕ್ರಮಗಳಲ್ಲಿ ಅತ್ಯಂತ ಉಗ್ರವಾದುದು ಅಗ್ನಿಕರ್ಮ. ಕಾಯಿಸಿದ ಶಲಾಕೆಯಿಂದಲೋ ಬಿಸಿಯಾದ ದ್ರವ್ಯದಿಂದಲೋ ರೋಗಸ್ಥಾನವನ್ನು ಸುಡುವುದು ಇದರ ವಿಧಾನ. ಸುಟ್ಟ ರೋಗವು ಮರಳಿ ಹುಟ್ಟದು ಎಂಬುದು ಸುಶ್ರುತನ ಮತ. ಹುಳುಕುಹಲ್ಲಿನ ತೂತಿಗೆ ಬೆಲ್ಲವನ್ನೋ ಜೇನುಮೇಣವನ್ನೋ ತುಂಬಿ ಸುಡುವ ಕ್ರಮವನ್ನು ವಾಗ್ಭಟನು ಹೇಳಿದ್ದಾನೆ. ಹಲ್ಲನ್ನು ಹುಳುವು ಕೊರೆಯುತ್ತದೆಂಬ ನಂಬಿಕೆ ಆಗ ಬೇರೆ ದೇಶಗಳಲ್ಲಿಯೂ ಇದ್ದಿತು. ಅದನ್ನು ಫ್ರಾನ್ಸಿನ ಪಿಯೆರ್ ಫೋಷಾರ್ 1728ರ ತನ್ನ ಗ್ರಂಥದಲ್ಲಿ ನಿರಾಕರಿಸಿದನು.

ಬೆಂಕಿಯ ವಿಷಯದಲ್ಲಿ ಯೂರೋಪಿನ ಒಂದು ಘಟನೆ ಇಲ್ಲಿ ಸ್ಮರಣಾರ್ಹವಾಗಿದೆ. ಪೋರ್ಚುಗೀಸ್ ಕುದುರೆವ್ಯಾಪಾರಿ ನೂನಿಜನು ವಿಜಯನಗರದಲ್ಲಿ ನೆಲೆಸಿ ತನ್ನ ವೃತ್ತಾಂತವನ್ನು ಬರೆಯುತ್ತಿದ್ದ ದಿನಗಳಲ್ಲಿಯೇ, ಸುಮಾರು 1537ರಲ್ಲಿ, ಇಟಲಿಯ ಯುದ್ಧಭೂಮಿಯಲ್ಲಿ ಆಂಬ್ರೋಸ್ ಪಾರೆ ಎಂಬ ತರುಣ ಶಸ್ತ್ರವೈದ್ಯನು ಗುಂಡೇಟಿನ ಗಾಯಗಳಿಗೆ ಕುದಿಯುವ ಎಣ್ಣೆಯನ್ನು ಹುಯ್ಯುತ್ತಿದ್ದನು. ಅಂದಿನ ಪದ್ಧತಿ ಹಾಗಿದ್ದಿತು. ಎಣ್ಣೆ ಮುಗಿದುಹೋದುದರಿಂದ ಉಳಿದ ಸೈನಿಕರಿಗೆ ಮೊಟ್ಟೆಯ ಹಳದಿ, ಗುಲಾಬಿತೈಲ, ಟರ್ಪೆಂಟೈನುಗಳ ಲೇಪವನ್ನು ಹಚ್ಚಿದನು. ಮರುದಿನ ನೋಡಿದರೆ ಸುಟ್ಟವರ ಗಾಯಗಳು ಊದಿ ಜ್ವರ ಬಂದಿದ್ದಿತು. ಲೇಪ ಹಚ್ಚಿದವರು ನೆಮ್ಮದಿಯಾಗಿದ್ದರು. ವೈದ್ಯನು ಗಾಯವನ್ನು ಹೆಚ್ಚು ಹಿಂಸಿಸದಿದ್ದರೆ ದೇಹವೇ ಅದನ್ನು ಮಾಯಿಸುತ್ತದೆ ಎಂಬ ಪಾಠ ಇದರಿಂದ ದೊರೆಯಿತು. ಲೇಸರಿನ ಚರಿತ್ರೆಯಲ್ಲಿಯೂ ಇದೇ ಪಾಠ ಇನ್ನೊಂದು ರೂಪದಲ್ಲಿ ಕಾಣಿಸಿಕೊಂಡಿತು.

4. ಲೇಸರ್ ಎಂದರೇನು?

ದೀಪದ ಬೆಳಕು ಸಂತೆಯಿಂದ ಮರಳುವ ಜನರಂತೆ ನಾನಾ ದಿಕ್ಕಿಗೆ ಚದುರುತ್ತದೆ. ಅದರಲ್ಲಿ ಹಲವು ಬಣ್ಣಗಳು ಬೆರೆತಿರುತ್ತವೆ. ಲೇಸರ್ ಬೆಳಕು ಒಂದೇ ಹೆಜ್ಜೆಯಲ್ಲಿ ನಡೆಯುವ ಸೈನ್ಯದಂತೆ. ಅದರ ಅಲೆಗಳೆಲ್ಲ ಒಂದೇ ಉದ್ದದವು, ಒಂದೇ ಲಯದವು, ಹೆಚ್ಚುಕಡಿಮೆ ಒಂದೇ ದಿಕ್ಕಿನವು. ಚೈತನ್ಯ ತುಂಬಿಕೊಂಡ ಪರಮಾಣುವಿಗೆ ತಕ್ಕ ಬೆಳಕು ತಾಗಿದರೆ ಅದು ತನ್ನಲ್ಲಿರುವ ಚೈತನ್ಯವನ್ನು ಅದೇ ಬಗೆಯ ಬೆಳಕಾಗಿ ಹೊರಚೆಲ್ಲುವುದೆಂದು ಐನ್‌ಸ್ಟೈನರು 1917ರಲ್ಲಿ ಸೂಚಿಸಿದರು. ಆ ತತ್ತ್ವವನ್ನು ಆಧರಿಸಿ 1960ರ ಮೇ ತಿಂಗಳಲ್ಲಿ ಅಮೆರಿಕದ ಥಿಯೊಡೋರ್ ಮೇಮನ್ ಕೆಂಪುರತ್ನದ ಹರಳಿನಿಂದ ಮೊದಲನೆಯ ಲೇಸರನ್ನು ಹೊಮ್ಮಿಸಿದನು. 1964ರಲ್ಲಿ ಇಂಗಾಲದ ಡೈ ಆಕ್ಸೈಡ್ ಅನಿಲದ ಲೇಸರನ್ನು ರಚಿಸಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಸಂಶೋಧನೆ ನಡೆಸಿದ ಕುಮಾರ್ ಪಟೇಲರು. ಶಸ್ತ್ರವೈದ್ಯರ ಕೈಗೆ ಬಂದ ಬೆಳಕಿನ ಕತ್ತಿಗಳಲ್ಲಿ ಇದು ಪ್ರಮುಖವಾದುದು.

ದಂತವೈದ್ಯರು ಹೊಸ ಬೆಳಕಿನತ್ತ ಕೂಡಲೇ ದೃಷ್ಟಿ ಹಾಯಿಸಿದರು. 1964ರಲ್ಲಿ ಸ್ಟರ್ನ್ ಮತ್ತು ಸೊಗ್ನೆಸ್ ಎಂಬವರು ಕಿತ್ತ ಹಲ್ಲಿನ ಎನಾಮೆಲಿನ ಮೇಲೆಯೂ, 1965ರಲ್ಲಿ ಲಿಯಾನ್ ಗೋಲ್ಡ್‌ಮನ್ ಜೀವಂತ ಹಲ್ಲಿನ ಮೇಲೆಯೂ ಕೆಂಪುರತ್ನದ ಲೇಸರನ್ನು ಹಾಯಿಸಿ ನೋಡಿದರು. ಆದರೆ ಅದರ ತಾಪವು ಹಲ್ಲಿನೊಳಗಿನ ಮೃದುಭಾಗಕ್ಕೆ ಅಪಾಯಕರವಾಗಿದ್ದುದರಿಂದ ಆ ಪ್ರಯತ್ನ ಮುಂದುವರಿಯಲಿಲ್ಲ. ಹಲ್ಲಿನ ಗಡಸುಭಾಗವನ್ನು ಕೊರೆಯಲು ತಕ್ಕ ಎರ್ಬಿಯಂ ಲೇಸರಿಗೆ ಅಮೆರಿಕದಲ್ಲಿ ಸರ್ಕಾರಿ ಒಪ್ಪಿಗೆ ದೊರೆತುದು 1997ರಲ್ಲಿ.

ಇತ್ತ ಹಂಗೆರಿ ದೇಶದ ಬುಡಾಪೆಸ್ಟಿನಲ್ಲಿ ಎಂಡ್ರೆ ಮೆಸ್ಟರ್ ಎಂಬ ವೈದ್ಯನು ಲೇಸರಿನಿಂದ ಅರ್ಬುದವನ್ನು ನಾಶಮಾಡಬಹುದೆಂಬ ಅಮೆರಿಕದ ಪ್ರಯೋಗವನ್ನು ತಾನೂ ಮಾಡಿ ನೋಡಬಯಸಿದನು. ಅವನಲ್ಲಿದ್ದ ಉಪಕರಣದ ಶಕ್ತಿ ತೀರ ಕಡಮೆ. ಗೆಡ್ಡೆ ಸಾಯಲಿಲ್ಲ, ಆದರೆ ಬೆಳಕು ಬಿದ್ದ ಕಡೆ ಬೋಳಿಸಿದ ಕೂದಲು ಬೇಗ ಬೆಳೆಯಿತು. ಇಲಿಗಳ ಮೇಲಣ ಈ ಪ್ರಯೋಗವನ್ನು 1967ರಲ್ಲಿ ಪ್ರಕಟಿಸಿದ ಮೆಸ್ಟರನು ಮುಂದೆ ಮನುಷ್ಯರ ಮಾಯದ ಹುಣ್ಣುಗಳಿಗೂ ಆ ದುರ್ಬಲ ಬೆಳಕನ್ನು ಉಪಯೋಗಿಸಿದನು. ಪಾರೆಯ ಎಣ್ಣೆ ಮುಗಿದುದರಿಂದ ಒಂದು ತಿಳಿವಳಿಕೆ ಬಂದಂತೆ, ಮೆಸ್ಟರನ ಉಪಕರಣ ದುರ್ಬಲವಾಗಿದ್ದುದರಿಂದ ಇನ್ನೊಂದು ತಿಳಿವಳಿಕೆ ಬಂದಿತು. ಸುಡುವ ಬೆಳಕು ಒಂದು, ಸುಡದೆ ಪ್ರೇರಿಸುವ ಬೆಳಕು ಇನ್ನೊಂದು. ಇಂದಿನ ಲೇಸರ್ ಚಿಕಿತ್ಸೆಯನ್ನು ತಿಳಿಯಬೇಕಾದರೆ ಈ ಭೇದವನ್ನು ಮೊದಲು ಗ್ರಹಿಸಬೇಕು.

5. ಗಾಯ ಮಾಯುವ ಬಗೆ

ಹಲ್ಲು ಕಿತ್ತ ಕೂಡಲೇ ಆ ಕುಳಿಯಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಈ ಹೆಪ್ಪು ಕೇವಲ ರಕ್ತವನ್ನು ತಡೆಯುವ ಬಿರಡೆಯಲ್ಲ. ಮುಂದಿನ ಕಟ್ಟಡಕ್ಕೆ ಹಾಕಿದ ಸಾರುವೆಯೂ ಅದೇ. ಎರಡನೆಯ ಹಂತದಲ್ಲಿ ಬಿಳಿಯ ರಕ್ತಕಣಗಳು ಅಲ್ಲಿಗೆ ಬಂದು ರೋಗಾಣುಗಳನ್ನೂ ಸತ್ತ ಅಂಶಗಳನ್ನೂ ತೆಗೆಯುತ್ತವೆ. ಕೆಂಪು, ಊತ, ನೋವು ಇವು ಆ ಕೆಲಸದ ಲಕ್ಷಣಗಳು. ಮೂರನೆಯ ಹಂತದಲ್ಲಿ ಹೊಸ ರಕ್ತನಾಳಗಳು ಚಿಗುರುತ್ತವೆ, ನಾರುಗಳನ್ನು ನೇಯುವ ಜೀವಕೋಶಗಳು ಕೊಲಾಜೆನನ್ನು ಹೊಸೆಯುತ್ತವೆ, ಅಂಚಿನಿಂದ ಹೊಸ ಚರ್ಮ ಹರಿದು ಮೇಲ್ಮೈಯನ್ನು ಮುಚ್ಚುತ್ತದೆ. ಕಡೆಯದು ಪುನರ್ರಚನೆಯ ಹಂತ. ಮೇಲಿನ ಪೊರೆ ಕೆಲವು ವಾರಗಳಲ್ಲಿ ಕೂಡಿಕೊಂಡರೂ ಕುಳಿಯೊಳಗೆ ಎಲುಬು ತುಂಬಲು ತಿಂಗಳುಗಳೇ ಬೇಕು.

ಬಾಯಿಯ ಗಾಯವು ಮೈಮೇಲಿನ ಗಾಯಕ್ಕಿಂತ ಬೇಗನೆ, ಕಲೆಯುಳಿಯದಂತೆ ಮಾಯುತ್ತದೆ. ರಕ್ತಸಂಚಾರ ಅಲ್ಲಿ ಸಮೃದ್ಧವಾಗಿದೆ. ಜೊಲ್ಲು ಗಾಯವನ್ನು ಸದಾ ಒದ್ದೆಯಾಗಿಡುವುದಲ್ಲದೆ, ಚರ್ಮದ ಬೆಳವಣಿಗೆಗೆ ನೆರವಾಗುವ ದ್ರವ್ಯಗಳನ್ನೂ ರೋಗಾಣುಗಳನ್ನು ತಡೆಯುವ ದ್ರವ್ಯಗಳನ್ನೂ ಒದಗಿಸುತ್ತದೆ. ಇಷ್ಟು ಅನುಕೂಲಗಳಿದ್ದೂ ಬಾಯಿಯ ಗಾಯ ಮಾಯದಿದ್ದರೆ ಅದಕ್ಕೆ ಕಾರಣವಿರಲೇಬೇಕು. ಸಕ್ಕರೆಯ ರೋಗ ಹತೋಟಿಯಲ್ಲಿಲ್ಲದಿರಬಹುದು, ಪೌಷ್ಟಿಕಾಂಶದ ಕೊರತೆಯಿರಬಹುದು, ಒಡೆದ ಹಲ್ಲಿನ ಮೊನೆ ಅದೇ ಜಾಗವನ್ನು ಪದೇ ಪದೇ ಗೀರುತ್ತಿರಬಹುದು. ಹೊಗೆಸೊಪ್ಪಿನ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ ಗಾಯಕ್ಕೆ ಬರಬೇಕಾದ ರಕ್ತವನ್ನೇ ತಡೆಯುತ್ತದೆ. ಹಲ್ಲು ಕೀಳಿಸಿಕೊಂಡವನು ಆ ದಿನವೇ ಬೀಡಿ ಸೇದಿದರೆ ಹೆಪ್ಪು ಕಳಚಿ ಎಲುಬು ಬರಿದಾಗಿ, ಎರಡು ಮೂರು ದಿನಗಳ ನಂತರ ಸಹಿಸಲಾಗದ ನೋವು ಹುಟ್ಟುವ ಸಂಭವ ಹೆಚ್ಚು. ಎಲ್ಲಕ್ಕಿಂತ ಭಯಂಕರವಾದ ಕಾರಣವೆಂದರೆ ಅದು ಗಾಯವೇ ಆಗಿರದೆ ಅರ್ಬುದವಾಗಿರುವುದು.

6. ದಂತವೈದ್ಯದಲ್ಲಿ ಲೇಸರಿನ ಎರಡು ಉಪಯೋಗಗಳು

ಮೊದಲನೆಯ ಉಪಯೋಗವು ಕತ್ತಿಯಾಗಿ. ಯಾವ ಬೆಳಕನ್ನು ಯಾವ ವಸ್ತು ಹೀರುತ್ತದೆ ಎಂಬುದರ ಮೇಲೆ ಇದರ ಕಾರ್ಯ ನಿಂತಿದೆ. 810ರಿಂದ 980 ನ್ಯಾನೊಮೀಟರ್ ತರಂಗಾಂತರದ ಡಯೋಡ್ ಲೇಸರನ್ನು ರಕ್ತದ ಕೆಂಪುದ್ರವ್ಯವೂ ಚರ್ಮದ ಕಪ್ಪುದ್ರವ್ಯವೂ ಹೀರುತ್ತವೆ. ಆದುದರಿಂದ ಅದು ವಸಡಿನಂತಹ ಮೃದುಭಾಗಗಳಿಗೆ ಒಪ್ಪುತ್ತದೆ. 2940 ನ್ಯಾನೊಮೀಟರಿನ ಎರ್ಬಿಯಂ ಲೇಸರನ್ನೂ 10600 ನ್ಯಾನೊಮೀಟರಿನ ಇಂಗಾಲಾನಿಲದ ಲೇಸರನ್ನೂ ನೀರು ಹೀರುತ್ತದೆ. ಸುಮಾರು 60 ಡಿಗ್ರಿ ತಾಪದಲ್ಲಿ ಅಂಗಾಂಶದ ಪ್ರೋಟೀನು ಗಟ್ಟಿಯಾಗಿ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. 100 ಡಿಗ್ರಿಯಲ್ಲಿ ಒಳಗಿನ ನೀರು ಆವಿಯಾಗಿ ಅಂಗಾಂಶ ಕತ್ತರಿಸಿಹೋಗುತ್ತದೆ. ಕತ್ತರಿಸುವುದೂ ರಕ್ತವನ್ನು ನಿಲ್ಲಿಸುವುದೂ ಹೀಗೆ ಒಟ್ಟಿಗೆ ನಡೆಯುವುದರಿಂದ ಹೊಲಿಗೆ ಅನೇಕ ವೇಳೆ ಬೇಕಾಗುವುದಿಲ್ಲ. ನಾಲಗೆಯ ಅಡಿಯ ಬಿಗಿನಾರನ್ನು ಬಿಡಿಸುವುದು, ಮಿತಿಮೀರಿ ಬೆಳೆದ ವಸಡನ್ನು ತೆಗೆಯುವುದು ಮುಂತಾದ ಕೆಲಸಗಳಿಗೆ ಇದು ಅನುಕೂಲ. ಪ್ರಾಚೀನರ ಅಗ್ನಿಕರ್ಮದ ಪರಿಷ್ಕೃತ ರೂಪವಿದೆಂದು ಹೇಳಿದರೆ ತಪ್ಪಾಗಲಾರದು. ಆದರೆ ಬೆಂಕಿಯ ಗುಣವೂ ಇದಕ್ಕೆ ಅಂಟಿಕೊಂಡಿದೆ: ಕತ್ತರಿಸಿದ ಅಂಚಿನಲ್ಲಿ ಸುಟ್ಟ ಪದರವೊಂದು ಉಳಿಯುವುದರಿಂದ, ಲೇಸರಿನಿಂದಾದ ಗಾಯವು ಮೊದಲ ದಿನಗಳಲ್ಲಿ ಚೂರಿಯ ಗಾಯಕ್ಕಿಂತ ನಿಧಾನವಾಗಿಯೇ ಮಾಯಬಹುದು. ‘ಲೇಸರ್ ಮಾಡಿದರೆ ಬೇಗ ಮಾಯುತ್ತದೆ’ ಎಂಬ ಮಾತನ್ನು ಇಲ್ಲಿ ಕಣ್ಣುಮುಚ್ಚಿ ಒಪ್ಪಲಾಗದು.

ಎರಡನೆಯ ಉಪಯೋಗವು ಪ್ರೇರಕವಾಗಿ. ಸುಮಾರು 600ರಿಂದ 1000 ನ್ಯಾನೊಮೀಟರಿನವರೆಗಿನ ಕೆಂಪು ಬೆಳಕನ್ನು ಅಥವಾ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು, ಅಂಗಾಂಶ ಬಿಸಿಯಾಗದಷ್ಟು ಕಡಮೆ ಪ್ರಮಾಣದಲ್ಲಿ, ಗಾಯದ ಮೇಲೆ ಕೆಲವು ಸೆಕೆಂಡುಗಳಿಂದ ಕೆಲವು ನಿಮಿಷಗಳವರೆಗೆ ಹಾಯಿಸುತ್ತಾರೆ. ಇದನ್ನು ವೈದ್ಯರು ಈಗ ಫೋಟೊಬಯೊಮಾಡ್ಯುಲೇಷನ್ ಎಂದು ಕರೆಯುತ್ತಾರೆ. ಇದರ ರಹಸ್ಯವನ್ನು ರಷ್ಯದ ಟೀನಾ ಕಾರು ಮೊದಲಾದವರು ಶೋಧಿಸಿದ್ದಾರೆ. ಬಹುತೇಕ ಎಲ್ಲ ಜೀವಕೋಶಗಳಲ್ಲಿಯೂ ಮೈಟೊಕಾಂಡ್ರಿಯವೆಂಬ ಸೂಕ್ಷ್ಮವಾದ ಒಲೆಗಳಿವೆ. ಕೋಶಕ್ಕೆ ಬೇಕಾದ ಶಕ್ತಿ ಅಲ್ಲಿ ತಯಾರಾಗುತ್ತದೆ. ಆ ಒಲೆಯ ಮುಖ್ಯಭಾಗವಾದ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವವು ಈ ಬೆಳಕನ್ನು ಹೀರಿ ಚುರುಕಾಗುತ್ತದೆಂಬುದು ಹೆಚ್ಚಾಗಿ ಸಮ್ಮತವಾದ ವಿವರಣೆ. ಶಕ್ತಿ ಹೆಚ್ಚಿದ ಕೋಶವು ಬೇಗ ವೃದ್ಧಿಯಾಗುತ್ತದೆ, ಉರಿಯೂತ ತಗ್ಗುತ್ತದೆ, ನೋವು ಕಡಮೆಯಾಗುತ್ತದೆ.

ಇಲ್ಲಿ ಪ್ರಮಾಣವೇ ಪ್ರಾಣ. ಬೆಳಕು ತೀರ ಕಡಮೆಯಾದರೆ ಫಲವಿಲ್ಲ, ತಕ್ಕಷ್ಟಾದರೆ ಪ್ರೇರಣೆ, ಮಿತಿಮೀರಿದರೆ ಕೋಶದ ಕೆಲಸವೇ ಕುಂಠಿತ. ನಮ್ಮ ಹೊಲಗಳಿಗೆ ಕಾಲುವೆಯ ನೀರು ಹೇಗೋ ಹಾಗೆ. ಕಂಪ್ಲಿಯ ಬತ್ತದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

7. ಸಾಕ್ಷ್ಯದ ತೂಕ

ಚರಿತ್ರಕಾರನು ಒಂದೇ ಬರೆಹವನ್ನು ನಂಬಿ ತೀರ್ಮಾನ ಕೊಡುವುದಿಲ್ಲ. 1520ರ ರಾಯಚೂರು ದಂಡಯಾತ್ರೆಯಲ್ಲಿ ಕೃಷ್ಣದೇವರಾಯನ ಸೈನ್ಯದಲ್ಲಿ ಏಳು ಲಕ್ಷಕ್ಕೂ ಮಿಕ್ಕ ಕಾಲಾಳುಗಳಿದ್ದರೆಂದು ನೂನಿಜನು ಬರೆದಿದ್ದಾನೆಂಬ ಮಾತ್ರಕ್ಕೆ ನಾವು ಅದನ್ನು ಹಾಗೆಯೇ ಒಪ್ಪಿಕೊಳ್ಳುವುದಿಲ್ಲ. ಬೇರೆ ಆಧಾರಗಳೊಡನೆ ಹೋಲಿಸಿ ತೂಗುತ್ತೇವೆ. ವೈದ್ಯಶಾಸ್ತ್ರದಲ್ಲಿಯೂ ಇಂತಹ ಒರೆಗಲ್ಲು ಉಂಟು. ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ನಿಜವಾದ ಬೆಳಕನ್ನೂ ಇನ್ನೊಂದಕ್ಕೆ ತೋರಿಕೆಯ ಬೆಳಕನ್ನೂ ಕೊಟ್ಟು, ಯಾರಿಗೆ ಯಾವುದು ಸಂದಿತೆಂದು ರೋಗಿಗೂ ಪರೀಕ್ಷಕನಿಗೂ ತಿಳಿಯದಂತೆ ಫಲವನ್ನು ಅಳೆಯುವುದೇ ಆ ಕ್ರಮ. ಬಾಯಿಯ ಗಾಯಗಳು ತಾವಾಗಿಯೇ ಮಾಯುವ ಸ್ವಭಾವದವಾದುದರಿಂದ ಇದು ಇಲ್ಲಿ ವಿಶೇಷವಾಗಿ ಅಗತ್ಯ. ಇಲ್ಲವಾದರೆ ದೇಹ ಮಾಡಿದ ಕೆಲಸದ ಕೀರ್ತಿ ಯಂತ್ರಕ್ಕೆ ಸಂದೀತು.

ಇಂತಹ ಪರೀಕ್ಷೆಯಲ್ಲಿ ಗೆದ್ದ ಉದಾಹರಣೆ ನಮ್ಮ ನಾಡಿನಲ್ಲಿಯೇ ಇದೆ. ಬಾಯಿ, ಗಂಟಲುಗಳ ಅರ್ಬುದಕ್ಕೆ ವಿಕಿರಣ ಚಿಕಿತ್ಸೆ ಪಡೆಯುವವರಿಗೆ ಬಾಯಿಯ ಒಳಪೊರೆಯೆಲ್ಲ ಬೆಂದಂತಾಗಿ ಹುಣ್ಣಾಗುತ್ತದೆ. ಅನ್ನ ನೀರು ಇಳಿಯದು, ಮಾತು ಹೊರಡದು. ಎಷ್ಟೋ ವೇಳೆ ಚಿಕಿತ್ಸೆಯನ್ನೇ ನಡುವೆ ನಿಲ್ಲಿಸಬೇಕಾಗುತ್ತದೆ. ಮಣಿಪಾಲದ ಸಂಶೋಧಕರು ಇಂತಹ ರೋಗಿಗಳಿಗೆ 632.8 ನ್ಯಾನೊಮೀಟರಿನ ಹೀಲಿಯಂ ನಿಯಾನ್ ಲೇಸರಿನ ಕೆಂಪು ಬೆಳಕನ್ನು ಕೊಟ್ಟು ಪರೀಕ್ಷಿಸಿದರು. 2006ರಲ್ಲಿ ಪ್ರಕಟವಾದ ಅವರ ಮೊದಲ ವರದಿ 50 ರೋಗಿಗಳದು. 2012ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ 221 ರೋಗಿಗಳಿದ್ದರು. ತೋರಿಕೆಯ ಬೆಳಕಿನ ಗುಂಪೂ ಇದ್ದಿತು. ನಿಜವಾದ ಬೆಳಕನ್ನು ಪಡೆದವರಲ್ಲಿ ತೀವ್ರವಾದ ಹುಣ್ಣುಗಳೂ ತೀವ್ರವಾದ ನೋವೂ ಕಡಮೆಯಾಗಿದ್ದುವು. ಅಫೀಮಿನ ಜಾತಿಯ ನೋವುನಿವಾರಕಗಳು ಕಡಮೆ ಬೇಕಾದುವು. ಬೇರೆ ದೇಶಗಳಲ್ಲಿಯೂ ಇಂತಹ ಫಲ ದೊರೆತುದರಿಂದ, ಅರ್ಬುದ ರೋಗಿಗಳ ಆರೈಕೆಯ ಅಂತರರಾಷ್ಟ್ರೀಯ ಸಂಘವು ಈ ಹುಣ್ಣುಗಳನ್ನು ತಡೆಯಲು ನಿರ್ದಿಷ್ಟ ಪ್ರಮಾಣದ ಬೆಳಕಿನ ಚಿಕಿತ್ಸೆಯನ್ನು ತನ್ನ ಸೂತ್ರಗಳಲ್ಲಿ ಶಿಫಾರಸು ಮಾಡಿದೆ.

ಉಳಿದ ಸಂದರ್ಭಗಳಲ್ಲಿ ಸಾಕ್ಷ್ಯ ಇಷ್ಟು ಗಟ್ಟಿಯಾಗಿಲ್ಲ. ಬುದ್ಧಿಹಲ್ಲನ್ನು ಕಿತ್ತ ನಂತರದ ನೋವು ಊತಗಳನ್ನು ಬೆಳಕು ತಗ್ಗಿಸುವುದೆಂದು ಕೆಲವು ಪರೀಕ್ಷೆಗಳು ಹೇಳಿದರೆ, ಗಣನೀಯವಾದ ವ್ಯತ್ಯಾಸವಿಲ್ಲವೆಂದು ಮತ್ತೆ ಕೆಲವು ಹೇಳುತ್ತವೆ. ವಸಡಿನ ರೋಗದಲ್ಲಿ ಹಲ್ಲಿನ ಬುಡದ ಕಿಟ್ಟವನ್ನು ಕೆರೆದು ತೆಗೆಯುವುದೇ ಮೂಲಚಿಕಿತ್ಸೆ. ಲೇಸರ್ ಅದಕ್ಕೆ ಪೂರಕವಾಗಬಹುದೇ ಹೊರತು ಬದಲಿಯಾಗಲಾರದು. ಸಾಧಾರಣವಾದ ಬಾಯಿಹುಣ್ಣಿಗೆ ಬೆಳಕು ಹಾಯಿಸಿದರೆ ನೋವು ಬೇಗ ಶಮನವಾಗುವುದುಂಟು. ಆದರೆ ಅಂತಹ ಹುಣ್ಣು ಒಂದೆರಡು ವಾರಗಳಲ್ಲಿ ತಾನಾಗಿಯೇ ಮಾಯುವಂತಹುದು.

8. ನಮ್ಮ ಪ್ರಾಂತದ ಪರಿಸ್ಥಿತಿ

ಇನ್ನು ಮೂರನೆಯ ಪ್ರಶ್ನೆ. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗುಳ್ಳ ವಿಜಯನಗರ ಜಿಲ್ಲೆ ಬೇರೆಯಾಯಿತು. ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದುವು. ಆಡಳಿತದಲ್ಲಿ ಬೇರೆಯಾದರೂ ಜನಜೀವನದಲ್ಲಿ ಈ ಊರುಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಸಂಡೂರಿನ ಗಣಿಗಳಲ್ಲಿಯೂ ಅದಿರಿನ ಲಾರಿಗಳಲ್ಲಿಯೂ ದುಡಿಯುವವರು, ಕಂಪ್ಲಿಯ ಗದ್ದೆಗಳಲ್ಲಿಯೂ ಕಬ್ಬಿನ ತೋಟಗಳಲ್ಲಿಯೂ ದುಡಿಯುವವರು ಆಯಾಸವನ್ನೂ ಹಸಿವನ್ನೂ ಮರೆಯಲು ಕೆನ್ನೆಯಲ್ಲಿ ಒಂದು ಉಂಡೆ ಇಟ್ಟುಕೊಳ್ಳುವುದನ್ನು ಯಾರು ಬೇಕಾದರೂ ಕಾಣಬಹುದು. ಹೊಗೆಸೊಪ್ಪನ್ನು ಸುಟ್ಟು ಮಾಡಿದ ಕಪ್ಪುಪುಡಿಯಿಂದ ಹಲ್ಲುಜ್ಜುವ ಹೆಂಗಸರೂ ಉತ್ತರ ಕರ್ನಾಟಕದಲ್ಲಿದ್ದಾರೆ. 2016–17ರ ರಾಷ್ಟ್ರೀಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇಕಡ 22.8 ಮಂದಿ ಯಾವುದಾದರೊಂದು ರೂಪದಲ್ಲಿ ಹೊಗೆಸೊಪ್ಪನ್ನು ಬಳಸುತ್ತಿದ್ದರು. 2013ರಲ್ಲಿ ರಾಜ್ಯಸರ್ಕಾರವು ಗುಟ್ಕಾವನ್ನು ನಿಷೇಧಿಸಿತಾದರೂ ಪಾನ್ ಮಸಾಲೆಯನ್ನೂ ಹೊಗೆಸೊಪ್ಪನ್ನೂ ಬೇರೆ ಬೇರೆ ಪೊಟ್ಟಣಗಳಲ್ಲಿ ಕೊಂಡು ಬೆರೆಸಿಕೊಳ್ಳುವ ದಾರಿ ತೆರೆದೇ ಉಳಿಯಿತು.

ಇಂತಹ ಬಾಯಿಯಲ್ಲಿ ಮಾಯದ ಹುಣ್ಣೊಂದು ಹುಟ್ಟಿತೆಂದು ಭಾವಿಸೋಣ. ಮೊದಲಲ್ಲಿ ಅದು ನೋಯುವುದೂ ಇಲ್ಲ. ನೋವಿಲ್ಲದ ಹುಣ್ಣಿಗಾಗಿ ಒಂದು ದಿನದ ಕೂಲಿಯನ್ನು ಕಳೆದುಕೊಂಡು ಪಟ್ಟಣಕ್ಕೆ ಹೋಗುವವರು ವಿರಳ. ಹೋದವನಿಗೂ ಪರೀಕ್ಷೆಯಿಲ್ಲದೆ ಬೆಳಕಿನ ಚಿಕಿತ್ಸೆಯೇ ದೊರೆತರೆ ಉರಿ ತಗ್ಗಬಹುದು, ಮೇಲ್ಮೈ ಸ್ವಲ್ಪ ತಿಳಿಯಾಗಬಹುದು. ಅವನು ಸಮಾಧಾನದಿಂದ ಊರಿಗೆ ಮರಳಬಹುದು. ಅದು ಅರ್ಬುದವಾಗಿದ್ದರೆ ಆ ಸಮಾಧಾನವೇ ಅವನಿಗೆ ಮುಳುವಾಗುತ್ತದೆ. ಕೋಶಗಳನ್ನು ಪ್ರೇರಿಸುವ ಬೆಳಕನ್ನು ಅರ್ಬುದದ ಮೇಲೆಯೇ ನೇರವಾಗಿ ಹಾಯಿಸಬಾರದೆಂಬುದು ತಜ್ಞರು ಪಾಲಿಸುವ ಎಚ್ಚರಿಕೆ. ಅದಕ್ಕಿಂತಲೂ ದೊಡ್ಡ ಹಾನಿ ಕಾಲಹರಣ. ಬಾಯಿಯ ಅರ್ಬುದವನ್ನು ಮೊದಲ ಹಂತದಲ್ಲಿ ಕಂಡುಹಿಡಿದರೆ ಗುಣವಾಗುವ ಭರವಸೆ ದೊಡ್ಡದು. ಕತ್ತಿನ ಗಂಟುಗಳಿಗೆ ಹರಡಿದ ಮೇಲೆ ಅದು ಬಹಳ ಕುಗ್ಗುತ್ತದೆ.

ಆದುದರಿಂದ ಎರಡು ವಾರ ಕಳೆದರೂ ಮಾಯದ ಹುಣ್ಣು, ಒರೆಸಿದರೆ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ, ದಿನೇ ದಿನೇ ಬಿಗಿಯುವ ಬಾಯಿ ಇವುಗಳಲ್ಲಿ ಯಾವುದು ಕಂಡರೂ ಮೊದಲು ಬೇಕಾದುದು ಲೇಸರ್ ಅಲ್ಲ, ಪರೀಕ್ಷೆ. ಸಂಶಯ ಬಂದ ಕಡೆ ಒಂದು ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಇದಕ್ಕೆ ದುಬಾರಿಯಾದ ಬೆಳಕಿನ ಉಪಕರಣ ಬೇಕಾಗಿಲ್ಲ. 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದ ಬಳ್ಳಾರಿಯಲ್ಲಿ ಈಗ ಸರ್ಕಾರಿ ದಂತವೈದ್ಯ ಕಾಲೇಜೂ ಇದೆ; ಅರ್ಬುದವೆಂದು ಖಚಿತವಾದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇದೆ. ಹೊಸಪೇಟೆಯಿಂದ ಅದು ಮುನ್ನೂರು ಕಿಲೊಮೀಟರಿಗೂ ಮಿಕ್ಕ ದೂರ. ದೂರ ಹೆಚ್ಚಿದಷ್ಟೂ ಹತ್ತಿರದಲ್ಲಿ ಬೇಗ ಗುರುತಿಸುವವರ ಅಗತ್ಯವೂ ಹೆಚ್ಚುತ್ತದೆ.

ಲೇಸರ್ ಚಿಕಿತ್ಸೆಗೆ ಹೋಗುವವರು ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬಹುದು. ರೋಗವೇನೆಂದು ನಿರ್ಧಾರವಾಗಿದೆಯೇ? ಬೆಳಕನ್ನು ಕತ್ತರಿಸಲು ಉಪಯೋಗಿಸುವರೋ, ಮಾಯಿಸಲು ಉಪಯೋಗಿಸುವರೋ? ಸಾಧಾರಣ ಕ್ರಮಕ್ಕಿಂತ ಇದರಿಂದ ಹೆಚ್ಚಿನ ಲಾಭವೇನು, ವೆಚ್ಚವೆಷ್ಟು? ರೋಗಿಗೂ ವೈದ್ಯನಿಗೂ ಕಣ್ಣಿನ ರಕ್ಷಣೆಗೆ ತಕ್ಕ ಕನ್ನಡಕಗಳಿವೆಯೇ? ಬಲ್ಲ ವೈದ್ಯರು ಈ ಪ್ರಶ್ನೆಗಳಿಗೆ ಸಂತೋಷದಿಂದಲೇ ಉತ್ತರ ಹೇಳುತ್ತಾರೆ.

9. ಉಪಸಂಹಾರ

ಮೇಲಿನ ವಿವೇಚನೆಯಿಂದ ತಿಳಿದುಬರುವುದೇನೆಂದರೆ, ಗಾಯವನ್ನು ಮಾಯಿಸುವುದು ದೇಹ. ಮದ್ದು, ಬೆಂಕಿ, ಬೆಳಕು ಇವು ಅದರ ಪರಿಚಾರಕರು. ಅಗ್ನಿಕರ್ಮದಿಂದ ಲೇಸರಿನವರೆಗಿನ ದೀರ್ಘ ಚರಿತ್ರೆಯಲ್ಲಿ ಪರಿಚಾರಕರು ಸೌಮ್ಯರಾಗುತ್ತ, ನಿಖರರಾಗುತ್ತ ಬಂದಿದ್ದಾರೆ. ವಿಕಿರಣದಿಂದ ಬೆಂದ ಬಾಯಿಗೆ ಕೆಂಪು ಬೆಳಕು ನೀಡುವ ಉಪಶಮನವು ವಿಜ್ಞಾನದ ನಿಜವಾದ ಕೊಡುಗೆ. ಅದು ನಮ್ಮ ಜಿಲ್ಲೆಗಳ ಬಡರೋಗಿಗಳಿಗೂ ಎಟಕುವಂತಾಗಬೇಕು. ಆದರೆ ಶುದ್ಧವ್ರಣ, ದುಷ್ಟವ್ರಣಗಳನ್ನು ಗುರುತಿಸಿದ ಮೇಲೆಯೇ ರೋಪಣ ಎಂಬ ಪ್ರಾಚೀನರ ಕ್ರಮವು ಬೆಳಕಿನ ಯುಗದಲ್ಲಿಯೂ ರದ್ದಾಗಿಲ್ಲ. ಕ್ರಮುಕಪರ್ಣಾಪಣದ ಅಂಗಡಿಗಳು ಹಂಪೆಯಲ್ಲಿ ಎಂದೋ ಹಾಳಾದುವು. ಅವುಗಳ ಜಾಗದಲ್ಲಿ ಇಂದು ಪ್ರತಿಯೊಂದು ಬಸ್ ನಿಲ್ದಾಣದ ಬಳಿಯೂ ಥಳಥಳಿಸುವ ಪೊಟ್ಟಣಗಳ ಸರಗಳು ತೂಗಾಡುತ್ತಿವೆ. ಆ ಪೊಟ್ಟಣಗಳಿಂದ ಕೈಯನ್ನು ಹಿಂದೆಗೆಯುವುದೂ, ಮಾಯದ ಹುಣ್ಣನ್ನು ಎರಡು ವಾರಗಳೊಳಗೆ ವೈದ್ಯರಿಗೆ ತೋರಿಸುವುದೂ ಯಾವ ಲೇಸರಿಗಿಂತಲೂ ಮೊದಲು ನಡೆಯಬೇಕಾದ ಚಿಕಿತ್ಸೆಗಳು.